ಪಟಾಕಿಗೆ ಎಷ್ಟು ಜೂಲ್?

ಮೊನ್ನೆ ಶನಿವಾರ ಏಣಿ ವಾಪಸ್ ಕೊಡೋಣ ಅಂತ ಪಕ್ಕದ ಮನೆಗೆ ಹೋದೆ. ನಮೀಬಿಯಾದ ವಿಂಡ್‌ಹುಕ್‌ಗೆ ಬಂದು ಆರು ವರ್ಷವಾಯಿತು, ಅವರ ಊಟದ ಮೇಜಿನ ಮೇಲೆ ತೋಟಾ ನೋಡಿದ್ದು ಅದೇ ಮೊದಲು. ಬೇಟೆಗೆ ಬರುವವರನ್ನು ಕಾಡಿಗೆ ಕರೆದುಕೊಂಡು ಹೋಗುವುದೇ ಅವರ ಕೆಲಸ. ಸೋಮವಾರ ಜಾಂಬೆಜಿ ಕಡೆ ಕಾಡೆಮ್ಮೆಯಂತೆ.

ನನ್ನ ಮುಖ ನೋಡಿ ಎರಡು ತೋಟಾ ಅಂಗೈಗಿಟ್ಟರು. ಎರಡರ ಗುಂಡೂ .375 ಇಂಚು ದಪ್ಪ, ತೋಟಾ ಬೆರಳುದ್ದ. ಒಂದರ ಮೂತಿಯಲ್ಲಿ ಸೀಸ ಇಣುಕುತ್ತಿತ್ತು. ಅದು ಮೆತ್ತನೆಯ ಗುಂಡು, ಮೈಯೊಳಗೆ ಹೊಕ್ಕರೆ ಅಣಬೆ ಥರ ಅರಳುತ್ತದೆ. ಸಿಂಹಕ್ಕೆ ಅದೇ ಸರಿ. ಇನ್ನೊಂದು ಗಟ್ಟಿಯದು. ಅರಳಲ್ಲ, ಆನೆಯ ಬುರುಡೆ ಕೊರೆದುಕೊಂಡು ನೆಟ್ಟಗೆ ಹೋಗುತ್ತದೆ. ಎಮ್ಮೆಗೆ ಮೊದಲು ಮೆತ್ತನೆಯದು, ಆಮೇಲೆ ಗಟ್ಟಿಯದು. ಮೊದಲೇ ಗಟ್ಟಿಯದು ಹೊಡೆದರೆ ಆ ಕಡೆ ತೂರಿ, ಹಿಂದೆ ನಿಂತ ಇನ್ನೊಂದಕ್ಕೂ ತಾಗಬಹುದು. ಗಾಯವಾದ ಎಮ್ಮೆ ಪೊದೆ ಸೇರಿದರೆ ಹುಡುಕಿಕೊಂಡು ಹೋಗಬೇಕಾದವರು ಇವರೇ!

ನಮೀಬಿಯಾದಲ್ಲಿ ಇದಕ್ಕೂ ಕಾನೂನಿದೆ. ಆನೆ, ಎಮ್ಮೆಗೆ ನಳಿಗೆಯಿಂದ ಹೊರಡುವ ಗುಂಡಿಗೆ ಕನಿಷ್ಠ 5,400 ಜೂಲ್ ಶಕ್ತಿ ಇರಬೇಕು. ಕುಡು ಅನ್ನೋ ದೊಡ್ಡ ಹುಲ್ಲೆಗೆ 2,700, ಸ್ಪ್ರಿಂಗ್‌ಬಾಕ್ ಅನ್ನೋ ಸಣ್ಣ ಹುಲ್ಲೆಗೆ 1,350. ಅವರ ತಾತನ 9.3 ಮಿ.ಮೀ. ರೈಫಲ್ 1905ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಅಳತೆಯದು. 5,000 ಮುಟ್ಟುವುದೇ ಕಷ್ಟ, ಹಾಗಾಗಿ ಅದು ಕುಡುಗಷ್ಟೇ.

ಸಾಯೋ ಪ್ರಾಣಿಗೆ ಇಷ್ಟೊಂದು ಲೆಕ್ಕವಾ ಅಂತ ನಕ್ಕೆ. ಅವರು ನಗಲಿಲ್ಲ. "ನರಳಬಾರದಲ್ಲ" ಅಂದರು.

ಅಷ್ಟರಲ್ಲಿ ಅವರ ಒಂಬತ್ತು ವರ್ಷದ ಮಗಳು ಕೇಳಿದಳು, "ನಿಮ್ಮೂರಲ್ಲಿ ಆನೆಗೆ ಯಾವ ಗುಂಡು?"

"ನಮ್ಮಲ್ಲಿ 1972ರಲ್ಲೇ ವನ್ಯಜೀವಿ ಕಾನೂನು ಬಂತು. ಬೇಟೆ ಇಲ್ಲ. ಗದ್ದೆಗೆ ಆನೆ ಬಂದರೆ ಪಟಾಕಿ ಹೊಡೀತೀವಿ ಅಷ್ಟೇ." ಸ್ವಲ್ಪ ಜಂಬದಿಂದಲೇ ಹೇಳಿದೆ.

"ಪಟಾಕಿಗೆ ಎಷ್ಟು ಜೂಲ್?"

ಎಲ್ಲರೂ ನಕ್ಕೆವು. ನಾನು ಏಣಿ ಇಟ್ಟು ಮನೆಗೆ ಬಂದೆ.

ರಾತ್ರಿ ನಿದ್ದೆ ಬರಲಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ನೋಡಿದ್ದು ನೆನಪಾಯಿತು. ಕಬ್ಬಿನ ಗದ್ದೆಯ ಬೇಲಿಗೆ ಯಾರೋ ರಾತ್ರಿ ಕರೆಂಟ್ ಕೊಟ್ಟಿದ್ದರು. ಬೆಳಿಗ್ಗೆ ನೋಡಿದರೆ ಒಂದು ಹೆಣ್ಣಾನೆ, ಮಗ್ಗುಲಾಗಿ ಬಿದ್ದಿತ್ತು. ಕಾಲಿನ ಸುತ್ತ ಮಣ್ಣು ಅರ್ಧ ಅಡಿ ಕೆದರಿ ಹೋಗಿತ್ತು. ಬಾಯಲ್ಲಿ ಇನ್ನೂ ಕಬ್ಬಿನ ಗರಿ. ಮಧ್ಯಾಹ್ನದ ಹೊತ್ತಿಗೆ ಊರಿನವರು ಅರಿಶಿನ, ಕುಂಕುಮ, ಹೂವು ತಂದರು. ಕೈಮುಗಿದರು. ನಮ್ಮಮ್ಮ ಅತ್ತರು.

ತಂತಿ ಯಾರದು ಅಂತ ಎಲ್ಲರಿಗೂ ಗೊತ್ತಿತ್ತು. ಫಾರೆಸ್ಟಿನವರು ಬಂದು ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ. ಮೊನ್ನೆ ಆ ಹುಡುಗಿ ಕೇಳಿದಾಗ ನಾನೂ ಅಷ್ಟೇ.