ಯೂದನ ಪಾದಗಳನ್ನೂ ತೊಳೆದರು

ಬೈಬಲಿನಲ್ಲಿ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಕೊನೆಯ ಭೋಜನದಲ್ಲಿ ಯೇಸುಸ್ವಾಮಿ ಶಿಷ್ಯರ ಪಾದ ತೊಳೆದು ಮುಗಿದದ್ದು 12ನೇ ವಚನಕ್ಕೆ. ಅವರನ್ನು ಹಿಡಿದುಕೊಟ್ಟ ಶಿಷ್ಯ ಯೂದ ಎದ್ದು ಹೋದದ್ದು 30ರಲ್ಲಿ. ಹಿಡಿದುಕೊಡುವವನು ಯಾರೆಂದು ಯೇಸುಸ್ವಾಮಿಗೆ ಗೊತ್ತಿತ್ತು ಎಂದು 11ನೇ ವಚನವೇ ಹೇಳುತ್ತದೆ. ಗೊತ್ತಿದ್ದೂ ಮಂಡಿಯೂರಿದರು, ಆ ಹಿಮ್ಮಡಿಯನ್ನೂ ಅಂಗೈಯಲ್ಲಿ ಹಿಡಿದರು, ಬೆರಳ ಸಂದಿಯ ಧೂಳು ತೊಳೆದರು, ಸೊಂಟದ ಬಟ್ಟೆಯಿಂದ ಒರೆಸಿದರು. ಮೊದಲು ತಪ್ಪೊಪ್ಪಿಕೋ ಎನ್ನಲಿಲ್ಲ. ಬೇಡವೆಂದವನು ಪೇತ್ರ ಒಬ್ಬನೇ. ಯೂದ ಸುಮ್ಮನೆ ಕಾಲು ಚಾಚಿದ. ಆ ಒರೆಸಿದ ಕಾಲಲ್ಲೇ ರಾತ್ರಿಯೊಳಗೆ ನಡೆದುಹೋದ.

ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಸಂಜೆ ನಮ್ಮ ಕಥೋಲಿಕ ಚರ್ಚುಗಳಲ್ಲಿ ನಡೆಯುವ ವಿಧಿ ಇದೇ. 1955ರ ಪೂಜಾವಿಧಿ ಸುಧಾರಣೆಯಲ್ಲಿ ಇದು ಸಂಜೆಯ ಬಲಿಪೂಜೆಯೊಳಗೆ ಸೇರಿತು. 2016ರಿಂದ ಪಾದ ತೊಳೆಸಿಕೊಳ್ಳಲು ಹೆಂಗಸರೂ ಕೂರಬಹುದು. ಹಿರಿಯರು, ಕಿರಿಯರು, ಕಾಯಿಲೆಯವರು ಎಲ್ಲರಿಗೂ ಜಾಗವಿದೆ. ಆದರೂ ಎಷ್ಟೋ ಕಡೆ ಹನ್ನೆರಡು ಶಿಷ್ಯರ ಲೆಕ್ಕಕ್ಕೆ ಇಡುವ ಆ ಹನ್ನೆರಡು ಕುರ್ಚಿಗಳು ಸಮಿತಿಯವರಿಗೆ, ದಾನಿಗಳಿಗೆ ಮೀಸಲು. ಅವರು ಮನೆಯಲ್ಲೇ ಸೋಪು ಹಾಕಿ ತಿಕ್ಕಿಕೊಂಡು ಬಂದಿರುತ್ತಾರೆ, ಗುರುಗಳು ನಾಲ್ಕು ಹನಿ ಚಿಮುಕಿಸಿ ಮುಂದೆ ಹೋಗುತ್ತಾರೆ. ಇದು ನೋವಿನ ಸಂಗತಿ. ಯೋಗ್ಯರನ್ನೇ ಆರಿಸಿ ಕೂರಿಸಿದರೆ ಆ ರಾತ್ರಿಯ ಪ್ರೀತಿ ಯಾರ ಕಣ್ಣಿಗೂ ಬೀಳುವುದಿಲ್ಲ. ವರ್ಷಗಟ್ಟಲೆ ಚರ್ಚಿನ ಮೆಟ್ಟಿಲು ಹತ್ತದವರನ್ನು, ಮಾತು ಬಿಟ್ಟ ಮನೆಯವರನ್ನು ಹೋಗಿ ಕರೆಯಿರಿ.

ಸಿದ್ಧತೆ ಮಾಡುವವರು ಗಮನಿಸಿ. ಒಬ್ಬರಿಗೆ ಅರ್ಧ ಲೀಟರಿನಂತೆ ಆರು ಲೀಟರ್ ನೀರು ಬೇಕು. ವಿಧಿ ಬರುವುದು ಗುರುಗಳ ಪ್ರಬೋಧನೆಯ (ಉಪದೇಶದ) ನಂತರ. ಪೂಜೆಗೆ ಮುಂಚೆ ಹೂಜಿಗೆ ಸುರಿದ ಬಿಸಿನೀರು ಅಷ್ಟರಲ್ಲಿ ತಣ್ಣಗಾಗಿ, ವಯಸ್ಸಾದವರು ಬೆಚ್ಚಿ ಕಾಲು ಎಳೆದುಕೊಳ್ಳುತ್ತಾರೆ. ಫ್ಲಾಸ್ಕಿನಲ್ಲಿಟ್ಟು ಆಗಲೇ ಬೆರೆಸಿ, ಮೊಣಕೈಗೆ ಹಿತವಾಗಿದ್ದರೆ ಸಾಕು. ಬೋಗುಣಿ ಅಗಲವಾಗಿರಲಿ, ಇಲ್ಲದಿದ್ದರೆ ನೀರು ಟೈಲ್ಸ್ ಮೇಲೆ ಚೆಲ್ಲಿ ಹೂಜಿ ಹಿಡಿದ ಹುಡುಗ ಜಾರುತ್ತಾನೆ. ಕೆಳಗೆ ಗೋಣಿತಾಟು ಹಾಸಿ. ಬೂಟು ಹಾಕಿ ಬಂದವರು ಪ್ರಬೋಧನೆಗೆ ಮೊದಲೇ ಬಿಚ್ಚಿಡಲಿ. ಮಂಡಿ ಊರಲಾಗದ ಗುರುಗಳಿಗೆ ಒಂದು ಮಣೆ ಇಡಿ, ಆತುರಪಡಿಸಬೇಡಿ.

ಟವೆಲು ಮಾತ್ರ ಹನ್ನೆರಡು ಇರಲಿ. ಒಂದರಲ್ಲೇ ಎಲ್ಲರ ಕಾಲೊರೆಸಿದರೆ ಕೊನೆಯ ಕುರ್ಚಿಗೆ ಬರುವಷ್ಟರಲ್ಲಿ ಅದು ತೊಯ್ದು ಮುದ್ದೆಯಾಗಿರುತ್ತದೆ. ಅಲ್ಲಿ ಕೂತವರು ಯಾರೇ ಇರಲಿ, ಅವರ ಪಾದಕ್ಕೂ ಒಣಗಿದ ಬಟ್ಟೆಯೇ ಸಿಗಬೇಕು.