ಹಿಂದಿ ಬಾರದವನು ಹಿಂದಿ ಸಿನಿಮಾ ಹೇಗೆ ಮಾಡಿದ?

ಇಲ್ಲಿಗೆ ಬಂದು ಹಿಂದಿ ಸಿನಿಮಾ ತೆಗೆದ ಜರ್ಮನ್ ನಿರ್ದೇಶಕ ಫ್ರಾಂಜ್ ಆಸ್ಟನ್ ಬಗ್ಗೆ ಎಲ್ಲಿ ಮಾತಾಡಿದರೂ ನನಗೆ ಎದುರಾಗುವ ಪ್ರಶ್ನೆ ಇದೊಂದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆತ ಒಬ್ಬನೇ ಮಾಡಲಿಲ್ಲ. ನಿರಂಜನ್ ಪಾಲ್ ಕಥೆ ಬರೆದರು, ಜೆ. ಎಸ್. ಕಶ್ಯಪ್ ಹಿಂದಿ ಮಾತು ಬರೆದರು. ಆತ ಕೆಲಸ ಮಾಡಿದ ಸಿನಿಮಾ ಕಂಪನಿ ಬಾಂಬೆ ಟಾಕೀಸ್ ಕಟ್ಟಿದ ಹಿಮಾಂಶು ರಾಯ್, ದೇವಿಕಾ ರಾಣಿ ಇಬ್ಬರೂ ಜರ್ಮನಿಯ ಸ್ಟುಡಿಯೋಗಳನ್ನು ಕಂಡವರು. ಕ್ಯಾಮೆರಾ ಹಿಡಿದ ಯೋಸೆಫ್ ವಿರ್ಶಿಂಗ್ ಆಸ್ಟನ್‌ನ ಊರಿನವನೇ, ಮ್ಯೂನಿಕ್‌ನವನು. ಸಾಕಲ್ವಾ?

ಇನ್ನೂ ಒಂದು ಮಾತಿದೆ. 1876ರಲ್ಲಿ ಹುಟ್ಟಿದ ಆಸ್ಟನ್ ಸಿನಿಮಾ ಕಲಿತಿದ್ದು ಮೂಕಿ ಕಾಲದಲ್ಲಿ. 1925ರಲ್ಲೇ ಭಾರತಕ್ಕೆ ಬಂದು ಬುದ್ಧನ ಕಥೆ 'ಪ್ರೇಮ್ ಸನ್ಯಾಸ್' ತೆಗೆದ. ಅದರಲ್ಲಿ ರಾಯ್ ಅವರೇ ಬುದ್ಧ. ಆಮೇಲೆ 'ಶಿರಾಜ್', 'ಪ್ರಪಂಚ ಪಾಶ್'. ಮೂರೂ ಮೂಕಿ. ನಟರ ಮುಖ, ನಡಿಗೆ, ಮೇಲೆ ಬೀಳುವ ಬೆಳಕು, ಇವೇ ಆತನ ಭಾಷೆ. 1934ರಲ್ಲಿ ಮುಂಬೈನ ಮಲಾಡ್‌ನಲ್ಲಿದ್ದ ಬಾಂಬೆ ಟಾಕೀಸ್ ಸ್ಟುಡಿಯೋಗೆ ಬಂದಾಗ ಆತ ಹೊಸಬನೂ ಅಲ್ಲ, ದಾರಿ ತಪ್ಪಿ ಬಂದವನೂ ಅಲ್ಲ.

ಒಮ್ಮೆ ನಮ್ಮ ಗೆಳೆಯರ ಬಳಗದಲ್ಲಿ ಆಸ್ಟನ್‌ನ 'ಅಛೂತ್ ಕನ್ಯಾ' (ಅಸ್ಪೃಶ್ಯ ಕನ್ಯೆ) ತೋರಿಸಿದೆವು. ರೈಲ್ವೆ ಗೇಟ್ ಕಾಯುವವನ ಮಗಳು ಕಸ್ತೂರಿ, ಬ್ರಾಹ್ಮಣರ ಹುಡುಗ ಪ್ರತಾಪ. ಜಾತಿ ಇಬ್ಬರನ್ನೂ ಕೂಡಲು ಬಿಡುವುದಿಲ್ಲ. ಕೊನೆಗೆ ಅದೇ ಗೇಟಿನ ಹತ್ತಿರ ರೈಲಿಗೆ ಸಿಕ್ಕಿ ಕಸ್ತೂರಿ ಸಾಯುತ್ತಾಳೆ. ದೀಪ ಹಾಕಿದಾಗ ನನ್ನ ಗಂಟಲು ಕಟ್ಟಿತ್ತು. ಮೊದಲು ಎದ್ದವರು ಕೇಳಿದ್ದು: "ಅಲ್ಲಾ ಸಾರ್, ಹಿಂದಿ ಬರದೆ ಹೆಂಗ್ರೀ ಮ್ಯಾನೇಜ್ ಮಾಡ್ದ?" ಎಲ್ಲರೂ ನಕ್ಕರು. ಮಿಕ್ಕ ಅರ್ಧ ಗಂಟೆ ಅದರಲ್ಲೇ ಹೋಯಿತು. ಕಸ್ತೂರಿ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಾನು ಕಾಯುತ್ತಿದ್ದ ಪ್ರಶ್ನೆ ಬೇರೆ. 'ಅಛೂತ್ ಕನ್ಯಾ' ಬಂದಿದ್ದು 1936ರಲ್ಲಿ. ಆಸ್ಟನ್ ನಾಜಿ ಪಕ್ಷದ ಸದಸ್ಯನಾಗಿದ್ದೂ 1936ರಲ್ಲೇ. ಹುಟ್ಟಿನ ಕಾರಣಕ್ಕೆ ಒಬ್ಬ ಹುಡುಗಿಯನ್ನು ದೂರ ಇಡುವುದು ತಪ್ಪು ಅಂತ ಇಲ್ಲಿ ಸಿನಿಮಾ ಮಾಡಿದ. ಹುಟ್ಟಿನ ಕಾರಣಕ್ಕೇ ಯಹೂದಿಗಳ ಹಕ್ಕು ಕಿತ್ತುಕೊಂಡ ಪಕ್ಷಕ್ಕೆ ಅದೇ ವರ್ಷ ಸೇರಿದ. ಇವೆರಡೂ ಒಂದೇ ಮನಸ್ಸಿನಲ್ಲಿ ಹೇಗೆ ಇದ್ದವು?

ಕೆಲಸಕ್ಕಾಗಿ ಸುಮ್ನೆ ಸೇರಿರಬೇಕು ಅಂತ ಕೆಲವರು ಹೇಳುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಲಾಡ್‌ನಲ್ಲಿ ಆತನಿಗೆ ಕೈತುಂಬ ಕೆಲಸವಿತ್ತು. ಕಥೆ ನಿರಂಜನ್ ಪಾಲ್‌ದು, ಆತ ಬರೀ ತೆಗೆದುಕೊಟ್ಟ ಅನ್ನುವವರೂ ಇದ್ದಾರೆ. ಇರಬಹುದು. ಆದರೆ ಕಸ್ತೂರಿಯಾಗಿ ನಟಿಸಿದ ದೇವಿಕಾ ರಾಣಿಯ ಮುಖವನ್ನು ಅಷ್ಟು ಅಕ್ಕರೆಯಿಂದ ತೋರಿಸಿದ ಸಿನಿಮಾದ ನಿರ್ದೇಶಕ ಆತನೇ ತಾನೆ?

1939ರಲ್ಲಿ 'ಕಂಗನ್' ಚಿತ್ರೀಕರಣ ನಡೆಯುತ್ತಿದ್ದಾಗ ಯುದ್ಧ ಶುರುವಾಯಿತು. ಬ್ರಿಟಿಷರು ಸ್ಟುಡಿಯೋದ ಜರ್ಮನ್ನರನ್ನು ಬಂಧಿಸಿದರು. ವಯಸ್ಸಾಗಿತ್ತು ಅಂತ ಆಸ್ಟನ್‌ನನ್ನು ಬಿಟ್ಟರು, ಆತ ಜರ್ಮನಿಗೆ ಹೋದ. ವಿರ್ಶಿಂಗ್ ಯುದ್ಧ ಮುಗಿಯುವ ತನಕ ಶಿಬಿರಗಳಲ್ಲಿದ್ದು, ಇಲ್ಲೇ ಉಳಿದು, ಮುಂದೆ 'ಮಹಲ್'ಗೆ ಕ್ಯಾಮೆರಾ ಹಿಡಿದ. ಆಸ್ಟನ್ 1956ರಲ್ಲಿ ಬವೇರಿಯಾದ ಬಾಡ್ ಐಬ್ಲಿಂಗ್‌ನಲ್ಲಿ ತೀರಿಕೊಂಡ.

'ಅಛೂತ್ ಕನ್ಯಾ' ನಾನು ಮತ್ತೆ ತೋರಿಸುತ್ತೇನೆ. ಬನ್ನಿ. ಈ ಸಲ ಕಸ್ತೂರಿ ಬಗ್ಗೆ ಕೇಳಿ.