ಕೊಪೋ ಗುಡ್ಡಕ್ಕೆ ಹೋಗುವ ಟ್ರಾಮು

ಅಕ್ಕನ ಮಗಳು ರೊಮೇನಿಯಾದಲ್ಲಿ ಮೆಡಿಕಲ್ ಓದುತ್ತಾಳೆ. ಯಾವ ಊರು ಅಂತ ಕೇಳಿದವರಿಗೆ 'ಯಾಶ್' ಎಂದರೆ ಸಿನಿಮಾ ಹೀರೋ ನೆನಪಾಗಿ ನಗುತ್ತಾರೆ. ಮೊಲ್ಡೊವಾ ಗಡಿಯ ಹತ್ತಿರದ ಹಳೆಯ ಊರು ಅದು. 2024ರ ಡಿಸೆಂಬರ್ ಮೊದಲ ವಾರ ಅವಳನ್ನು ನೋಡಿ ಬರಲು ಹೊರಟೆ. ಅಕ್ಕ ಸೂಟ್‌ಕೇಸಿನ ತುಂಬ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇಟ್ಟಳು. ಮೇಲೆ ಒಂದು ತೋರಣ, ಮಗಳ ರೂಮಿನ ಬಾಗಿಲಿಗೆ. ಕೆಂಪು ಬಟ್ಟೆ, ನಡುವೆ ಜರಿಯ ಸ್ವಸ್ತಿಕ.

ಬುಕಾರೆಸ್ಟ್‌ನಲ್ಲಿ ಇಳಿದು ಮೊದಲು ಸಿನಾಯಾಗೆ ಹೋದೆ, ಎಲ್ಲರ ಹಾಗೆ ಪೆಲೆಶ್ ಅರಮನೆ ನೋಡಲು. ಫೋಟೋದಲ್ಲಿ ಹೇಗಿದೆಯೋ ಹಾಗೇ ಇದೆ. ನನಗೆ ನೆನಪಿನಲ್ಲಿ ಉಳಿದದ್ದು ಅಲ್ಲಿನ ರೈಲ್ವೆ ಸ್ಟೇಷನ್. 1933ರ ಡಿಸೆಂಬರ್ 29ರ ರಾತ್ರಿ ಪ್ರಧಾನಿ ಇಯೋನ್ ದುಕಾ ರಾಜನನ್ನು ಕಂಡು ವಾಪಸ್ ಹೊರಟಿದ್ದರು. ಪ್ಲಾಟ್‌ಫಾರ್ಮಿನಲ್ಲೇ ಗುಂಡಿಟ್ಟು ಕೊಂದರು. ಮೂವರು ಯುವಕರು, ಐರನ್ ಗಾರ್ಡ್ ಎಂಬ ಯಹೂದಿ ದ್ವೇಷಿ ಉಗ್ರ ಸಂಘಟನೆಯವರು. ಆ ಸಂಘಟನೆಯನ್ನು ದುಕಾ ನಿಷೇಧಿಸಿ ಮೂರು ವಾರವೂ ಆಗಿರಲಿಲ್ಲ.

ಅಕ್ಕನ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಅಯ್ಯೋ ಮಾಮ, ಆ ಸಂಘಟನೆ ಹುಟ್ಟಿದ್ದೇ ನಮ್ಮೂರಲ್ಲಿ, ಬನ್ನಿ ತೋರಿಸ್ತೀನಿ" ಅಂದಳು. ಎರಡು ವರ್ಷಕ್ಕೇ ಯಾಶ್ ಅವಳ 'ನಮ್ಮೂರು' ಆಗಿಬಿಟ್ಟಿದೆ.

ಬುಕಾರೆಸ್ಟಿನಿಂದ ಟ್ರೇನಿನಲ್ಲಿ ಹೆಚ್ಚುಕಮ್ಮಿ ಇಡೀ ಹಗಲು. ಊಟದ ಚಿಂತೆ ಇತ್ತು, ನಾನು ಮಾಂಸ ತಿನ್ನುವವನಲ್ಲ. ಅವಳು ಒಂದು ಮಂತ್ರ ಹೇಳಿಕೊಟ್ಟಿದ್ದಳು: 'ದೆ ಪೋಸ್ಟ್'. ಅಂದರೆ ವ್ರತದ ಊಟ. ಕ್ರಿಸ್‌ಮಸ್‌ಗೆ ಮುಂಚೆ ನಲವತ್ತು ದಿನ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. ಆ ಎರಡು ಪದ ಹೇಳಿದರೆ ಹುರುಳಿಕಾಯಿ ಸಾರು, ಮಮಲಿಗ ಬರುತ್ತದೆ. ಮಮಲಿಗ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ರಾಗಿಯಷ್ಟು ಗಟ್ಟಿ ಇಲ್ಲ, ಆದರೂ ನುಂಗಬಹುದು.

ಮಾರನೇ ದಿನ ಟ್ರಾಮಿನಲ್ಲಿ ಕೊಪೋ ಗುಡ್ಡ ಹತ್ತಿದೆವು. ಮೇಲೆ ಯೂನಿವರ್ಸಿಟಿ. 1860ರಲ್ಲಿ ಶುರುವಾದದ್ದು, ಹೆಸರು ಅಲೆಕ್ಸಾಂಡ್ರು ಇಯೋನ್ ಕುಜಾ ಯೂನಿವರ್ಸಿಟಿ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಈ ಕುಜಾ ರೊಮೇನಿಯಾವನ್ನು ಒಂದುಗೂಡಿಸಿದ ಅರಸ. ನಾನು ಹುಡುಕಿಕೊಂಡು ಹೋದ ಕುಜಾ ಬೇರೆ. ಎ. ಸಿ. ಕುಜಾ, ಇದೇ ಯೂನಿವರ್ಸಿಟಿಯಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್, ಕಾನೂನು ವಿಭಾಗದ ಡೀನ್. ಯಹೂದಿ ದ್ವೇಷವನ್ನೇ ಜೀವನದ ಕೆಲಸ ಮಾಡಿಕೊಂಡಿದ್ದ ಮನುಷ್ಯ. ಕ್ಲಾಸಿನಲ್ಲೂ ಅದೇ ಪಾಠ.

ಮೊದಲ ಮಹಾಯುದ್ಧ ಮುಗಿದಾಗ ರೊಮೇನಿಯಾದ ನೆಲವೂ ಜನವೂ ಎರಡು ಪಟ್ಟಾದವು. ಹಳ್ಳಿಗಳಿಂದ ಮೊದಲ ತಲೆಮಾರಿನ ಹುಡುಗರು ಕಾಲೇಜಿಗೆ ಬಂದರು. ಹಾಸ್ಟೆಲಿನಲ್ಲಿ ಜಾಗ ಇಲ್ಲ, ಊಟ ಸಾಲದು, ಓದಿ ಮುಗಿಸಿದರೆ ಸರ್ಕಾರಿ ಕೆಲಸ ಬಿಟ್ಟರೆ ಬೇರೆ ದಾರಿ ಕಾಣದು. ಯಾಶ್‌ನಲ್ಲಿ ಆಗ ಮೂರರಲ್ಲಿ ಒಬ್ಬರು ಯಹೂದಿಗಳು. ಅಂಗಡಿ, ವಕೀಲಿಕೆ, ವೈದ್ಯಕೀಯ ಎಲ್ಲದರಲ್ಲೂ ಇದ್ದರು. ಇಡೀ ದೇಶದಲ್ಲಿ ನೋಡಿದರೆ ನೂರಕ್ಕೆ ನಾಲ್ಕು ಜನ, ಅಷ್ಟೆ. ಹಸಿದ ಹುಡುಗರಿಗೆ ಪ್ರೊಫೆಸರೇ ಬೆರಳು ತೋರಿಸಿ ಕೊಟ್ಟರು.

ಅಕ್ಕನ ಮಗಳ ಮುಖ ಪೆಚ್ಚಾದದ್ದು ಮುಂದಿನ ಮಾತಿಗೆ. 1922ರ ಕೊನೆಯಲ್ಲಿ ಕ್ಲುಜ್ ಊರಿನ ಮೆಡಿಕಲ್ ವಿದ್ಯಾರ್ಥಿಗಳು ಗಲಾಟೆ ಎಬ್ಬಿಸಿದರು. ಅನಾಟಮಿ ಕ್ಲಾಸಿನಲ್ಲಿ ಯಹೂದಿ ವಿದ್ಯಾರ್ಥಿಗಳು ಕ್ರೈಸ್ತರ ಹೆಣ ಮುಟ್ಟಬಾರದು, ತಮ್ಮವರ ಹೆಣ ತಾವೇ ತರಲಿ ಎಂಬುದು ಅವರ ಬೇಡಿಕೆ. ಡಿಸೆಂಬರ್ 10ಕ್ಕೆ ಎಲ್ಲ ಯೂನಿವರ್ಸಿಟಿಗಳ ವಿದ್ಯಾರ್ಥಿಗಳು ಬುಕಾರೆಸ್ಟ್‌ನಲ್ಲಿ ಸೇರಿ, ಯಹೂದಿಗಳ ಸೀಟಿಗೆ ಮಿತಿ ಹಾಕಿ ಎಂದು ಮುಷ್ಕರ ಹೂಡಿದರು.

"ನಮ್ಮ ಟೇಬಲ್ ಮೇಲೆ ಮಲಗಿರೋರ ಹೆಸರೇ ನಮಗೆ ಗೊತ್ತಿರಲ್ಲ ಮಾಮ" ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ನಡೆದೆವು.

1923ರ ಮಾರ್ಚ್‌ನಲ್ಲಿ ಕುಜಾ ಇದೇ ಊರಲ್ಲಿ ಪಕ್ಷ ಕಟ್ಟಿದ. ಚಿಹ್ನೆ ಸ್ವಸ್ತಿಕ. ಹಿಟ್ಲರ್ ಅಧಿಕಾರಕ್ಕೆ ಬರಲು ಇನ್ನೂ ಹತ್ತು ವರ್ಷ ಇತ್ತು. ಯಹೂದಿಗಳಿಗೆಲ್ಲ ಪೌರತ್ವ ಕೊಟ್ಟ ಸಂವಿಧಾನವೂ ಅದೇ ವರ್ಷ ಬಂತು. ಆ ಸಿಟ್ಟಿಗೆ ಪಕ್ಷ ಬೆಳೆಯಿತು.

ಕುಜಾನ ಮುದ್ದಿನ ಶಿಷ್ಯ ಕೊರ್ನೇಲಿಯು ಕೊದ್ರ್ಯಾನು. ಯೂನಿವರ್ಸಿಟಿ ಇವನನ್ನು ಹೊರಗೆ ಹಾಕಿದಾಗ ಡೀನ್ ಕುಜಾ ಒಪ್ಪದೆ ತನ್ನ ವಿಭಾಗದಲ್ಲೇ ಉಳಿಸಿಕೊಂಡಿದ್ದ. 1924ರಲ್ಲಿ ಕೊದ್ರ್ಯಾನು ಮತ್ತು ಗೆಳೆಯರು ತಮ್ಮದೇ ಹಾಸ್ಟೆಲ್ ಕಟ್ಟುತ್ತೇವೆಂದು ಪ್ರುತ್ ನದಿ ದಂಡೆಯಲ್ಲಿ ಇಟ್ಟಿಗೆ ಕೊಯ್ಯಲು ಶುರು ಮಾಡಿದರು. ಓದಿದ ಹುಡುಗರು ಮಣ್ಣು ತುಳಿಯುವುದನ್ನು ನೋಡಿ ಜನ ಮರುಳಾದರು. ಪೊಲೀಸ್ ಮುಖ್ಯಸ್ಥ ಮಾಂಚು ಅವರನ್ನು ಹಿಡಿದು ಹೊಡೆಸಿದ. ಅಕ್ಟೋಬರ್ 25ರಂದು ಕೋರ್ಟಿನಲ್ಲಿ ಕೊದ್ರ್ಯಾನು ಪಿಸ್ತೂಲು ತೆಗೆದು ಮಾಂಚುವನ್ನು ಕೊಂದ.

ಮುಂದೆ ಆದದ್ದೇ ನನಗೆ ಕೊಲೆಗಿಂತ ಭಯ ಹುಟ್ಟಿಸುವ ಸಂಗತಿ. ವಿಚಾರಣೆಯನ್ನು ದೂರದ ತುರ್ನು ಸೆವೆರಿನ್‌ಗೆ ಒಯ್ದರು. 1925ರ ಮೇ ತಿಂಗಳಲ್ಲಿ ಜ್ಯೂರಿಯವರು ತೀರ್ಪು ಹೇಳಲು ಬಂದಾಗ ಅವರ ಎದೆಯ ಮೇಲೆ ಸ್ವಸ್ತಿಕದ ಬ್ಯಾಡ್ಜ್. ಖುಲಾಸೆ. ಮರು ತಿಂಗಳು ಫೋಕ್ಷಾನಿಯಲ್ಲಿ ಅವನ ಮದುವೆ, ಜಾತ್ರೆಯ ಹಾಗೆ ಜನ. ಜ್ಯೂರಿ ಅಂದರೆ ಗೂಂಡಾಗಳಲ್ಲ, ಊರಿನ ಮರ್ಯಾದಸ್ಥರು.

ಕುಜಾ ಬರೀ ಮಾತಿನವನು ಎಂದು ಬೇಸತ್ತು ಕೊದ್ರ್ಯಾನು 1927ರ ಜೂನ್ 24ಕ್ಕೆ ಯಾಶ್‌ನಲ್ಲೇ ತನ್ನ ಲೀಜನ್ ಶುರು ಮಾಡಿದ, ದೇವದೂತ ಮೈಕೆಲನ ಹೆಸರಿನಲ್ಲಿ. ಐರನ್ ಗಾರ್ಡ್ ಎಂಬ ಹೆಸರು ಬಂದದ್ದು 1930ರಲ್ಲಿ. ಹಸಿರು ಅಂಗಿ, ಪ್ರಾರ್ಥನೆ, ಹಳ್ಳಿಗಳಲ್ಲಿ ಶ್ರಮದಾನ, ಜತೆಗೆ ಪಿಸ್ತೂಲು.

ಯೋಗದ ಬಗ್ಗೆ ಓದುವವರಿಗೆ ರೊಮೇನಿಯಾದ ವಿದ್ವಾಂಸ ಮಿರ್ಚಾ ಎಲಿಯಾಡೆ ಹೆಸರು ಗೊತ್ತಿರುತ್ತದೆ. ಕಲ್ಕತ್ತಾದಲ್ಲಿ ಸುರೇಂದ್ರನಾಥ ದಾಸಗುಪ್ತರ ಬಳಿ ಕಲಿತವರು. ವಾಪಸ್ ಹೋದ ಮೇಲೆ ಲೀಜನ್ ಪರವಾಗಿ ಪತ್ರಿಕೆಗಳಲ್ಲಿ ಬರೆದರು, 1938ರಲ್ಲಿ ಬಂಧನಕ್ಕೂ ಒಳಗಾದರು. ನಾನು ಅವರನ್ನು ಪ್ರೀತಿಯಿಂದ ಓದಿದವನು. ಕೊಪೋ ಪಾರ್ಕಿನ ಬೆಂಚಿನಲ್ಲಿ ಕೂತಾಗ ಅದೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

1937ರ ಡಿಸೆಂಬರ್ ಚುನಾವಣೆಯಲ್ಲಿ ಲೀಜನ್ ಪಕ್ಷಕ್ಕೆ ಶೇ. 15.58 ಮತ, ಮೂರನೇ ಸ್ಥಾನ. ಅವರನ್ನು ದೂರ ಇಡಲು ರಾಜ ಶೇ. 9ರಷ್ಟು ಮತ ಪಡೆದ ಪಕ್ಷಕ್ಕೆ, ಅಂದರೆ ಕವಿ ಗೋಗಾ ಮತ್ತು ಅದೇ ಎ. ಸಿ. ಕುಜಾ ಸೇರಿ ಕಟ್ಟಿದ ಪಕ್ಷಕ್ಕೆ, ಅಧಿಕಾರ ಕೊಟ್ಟ. ಯಾವ ಲೆಕ್ಕವೋ! ಆ ಸರ್ಕಾರ ಆರೇಳು ವಾರ ಇತ್ತು. ಪೌರತ್ವ ಮರುಪರಿಶೀಲನೆಯ ಕಾನೂನು ತರಲು ಅಷ್ಟು ಸಾಕಾಯಿತು. ಎರಡು ಲಕ್ಷಕ್ಕೂ ಜಾಸ್ತಿ ಯಹೂದಿಗಳು ಪೌರತ್ವ ಕಳೆದುಕೊಂಡರು. 1938ರ ನವೆಂಬರ್‌ನಲ್ಲಿ ಕೊದ್ರ್ಯಾನುವನ್ನು ರಾಜನ ಪೊಲೀಸರು ಕತ್ತು ಹಿಸುಕಿ ಕೊಂದು, ಓಡಿಹೋಗುವಾಗ ಗುಂಡು ಹಾರಿಸಿದೆವು ಎಂದರು. ಸತ್ತವನು ಹುತಾತ್ಮನಾದ.

ಡಿಸೆಂಬರ್ 6ರ ಸಂಜೆ ಹಾಸ್ಟೆಲ್ ಪಕ್ಕದ ಕಾಫಿ ಅಂಗಡಿಯಲ್ಲಿ ಎಲ್ಲರೂ ಫೋನು ನೋಡುತ್ತಿದ್ದರು. ಅಧ್ಯಕ್ಷ ಚುನಾವಣೆಯನ್ನೇ ಸಂವಿಧಾನ ನ್ಯಾಯಾಲಯ ರದ್ದು ಮಾಡಿತ್ತು. ಮೊದಲ ಸುತ್ತಿನಲ್ಲಿ ಮುಂದಿದ್ದ ಕ್ಯಾಲಿನ್ ಜಾರ್ಜೆಸ್ಕು ಹಿಂದೆ ಕೊದ್ರ್ಯಾನುವನ್ನು ಹೊಗಳಿದ್ದವರು. ಪಕ್ಕದ ಟೇಬಲ್ಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ, ಅವನ ಎದುರು ಕೂತವನು ಎದ್ದು ಹೋದ.

ಶನಿವಾರ ಪೊಗ್ರೋಮ್ ಮ್ಯೂಸಿಯಂ. ಪೊಗ್ರೋಮ್ ಅಂದರೆ ಯಹೂದಿಗಳ ಸಾಮೂಹಿಕ ಹತ್ಯೆ. ಅಂದಿನ ಪೊಲೀಸ್ ಠಾಣೆಯ ಕಟ್ಟಡ ಅದು, 2021ರಲ್ಲಿ ಮ್ಯೂಸಿಯಂ ಆಗಿದೆ. 1941ರ ಜೂನ್ ಕೊನೆಯಲ್ಲಿ ಯಹೂದಿಗಳನ್ನು ಇಲ್ಲಿನ ಅಂಗಳಕ್ಕೆ ತುಂಬಿ ಗುಂಡಿಟ್ಟರು. ಉಳಿದವರನ್ನು ಗೂಡ್ಸ್ ಬೋಗಿಗಳಲ್ಲಿ ತುರುಕಿದರು. ಒಟ್ಟು ಸತ್ತವರು 13,000ಕ್ಕೂ ಹೆಚ್ಚು ಎನ್ನುತ್ತಾರೆ. ಆ ಹೊತ್ತಿಗೆ ಲೀಜನ್ ಅಧಿಕಾರದಲ್ಲಿ ಇರಲಿಲ್ಲ. ಜನವರಿಯಲ್ಲೇ ಅದರ ದಂಗೆಯನ್ನು ದೇಶದ ಸರ್ವಾಧಿಕಾರಿ ಆಂಟೊನೆಸ್ಕು ಹತ್ತಿಕ್ಕಿದ್ದ. ಕೊಂದವರು ಸರ್ಕಾರದ ಪೊಲೀಸರು, ಸೈನಿಕರು, ಜರ್ಮನ್ನರು, ಜತೆಗೆ ಅಕ್ಕಪಕ್ಕದ ಮನೆಯವರು.

ಭಾನುವಾರ ಪೊದು ಇಲ್ವಾಯೆಗೆ ಹೋದೆವು. ಆ ಬೋಗಿಗಳಲ್ಲಿ ಒಂದು ಸಾಲು ಬಂದು ನಿಂತದ್ದು ಅಲ್ಲಿ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಪ್ಯಾಸೆಂಜರ್ ಟ್ರೇನಿನಲ್ಲಿ ಅರ್ಧ ಗಂಟೆ ಆಯಿತು. 1941ರಲ್ಲಿ ಬೋಗಿಗಳ ಕಿಂಡಿ ಮುಚ್ಚಿ, ಬಿಸಿಲಿನಲ್ಲಿ, ನೀರಿಲ್ಲದೆ ಎಂಟು ಗಂಟೆ ಓಡಿಸಿದ್ದರು. ಸುಮಾರು 1,900 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇಳಿಯಲೇ ಇಲ್ಲ. ಯಹೂದಿ ಸ್ಮಶಾನದಲ್ಲಿ ಅವರ ಸಾಮೂಹಿಕ ಸಮಾಧಿ ಇದೆ. ಸಣ್ಣಗೆ ಹಿಮ ಬೀಳುತ್ತಿತ್ತು. ಅವಳು ಒಂದು ಬೆಣಚುಕಲ್ಲು ಹುಡುಕಿ ಸಮಾಧಿಯ ಮೇಲೆ ಇಟ್ಟಳು, ಯಹೂದಿಗಳು ಇಡುವ ಹಾಗೆ. ಯಾರು ಹೇಳಿಕೊಟ್ಟರೋ ಕೇಳಲಿಲ್ಲ.

ವಾಪಸ್ ಟ್ರೇನಿನಲ್ಲಿ ಕೊಡುಬಳೆಯಂಥ ಕೊವ್ರಿಜ್ ತಿನ್ನುತ್ತಾ ಅವಳು ಸೋಮವಾರದ ಪರೀಕ್ಷೆಗೆ ಕೈಯ ನರಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ರೂಮಿಗೆ ಬಂದು ಸೂಟ್‌ಕೇಸ್ ತುಂಬುವಾಗ ತೋರಣವನ್ನು ಮಡಚಿ ನನ್ನ ಕೈಗೆ ಕೊಟ್ಟಳು.

"ಅಮ್ಮಂಗೆ ಬೇಜಾರಾಗತ್ತೆ. ಇಲ್ಲಿ ಕಟ್ಟೋಕೆ ಮೊಳೆ ಸಿಗಲಿಲ್ಲ ಅಂತ ಹೇಳಿ ಮಾಮ."